ಕಾಣದ ಅನಿಲವನ್ನು ತೂಗುವ ಬಗೆ

ಅನುವಾದದ ಅಭ್ಯಾಸಕ್ಕೆಂದು ಕೊಟ್ಟ ವಿಜ್ಞಾನ ಬರಹವೊಂದರಲ್ಲಿ ವಿದ್ಯಾರ್ಥಿಯೊಬ್ಬ 'ಸ್ಟಾರ್‌ಬರ್ಸ್ಟ್ ಗ್ಯಾಲಕ್ಸಿ'ಯನ್ನು 'ನಕ್ಷತ್ರಸ್ಫೋಟದ ಗ್ಯಾಲಕ್ಸಿ' ಎಂದು ಬರೆದಿದ್ದ. ಅರ್ಥ ತಲೆಕೆಳಗಾಯಿತು. ಅಲ್ಲಿ ನಕ್ಷತ್ರಗಳು ಸಿಡಿದು ಸಾಯುತ್ತಿಲ್ಲ, ಭರಾಟೆಯಿಂದ ಹುಟ್ಟುತ್ತಿವೆ. ನಮ್ಮ ಆಕಾಶಗಂಗೆಯಲ್ಲಿ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ದ್ರವ್ಯ ನಕ್ಷತ್ರಗಳಾಗಿ ಮಾರ್ಪಟ್ಟರೆ, ದೂರದ ಆ ಗ್ಯಾಲಕ್ಸಿಗಳಲ್ಲಿ ನೂರಾರು ಸೂರ್ಯರಷ್ಟು. 'ಆಣ್ವಿಕ ಅನಿಲ' ಎಂಬುದೂ ಅವನನ್ನು ಕಾಡಿತ್ತು. ತಪ್ಪು ಅವನದಲ್ಲ, ಪರಮಾಣುಬಾಂಬನ್ನು ಅಣುಬಾಂಬೆಂದು ರೂಢಿಗೆ ತಂದವರು ನಾವೇ.

ಆದರೆ ನನ್ನ ತಕರಾರು ಪದಗಳ ಕುರಿತಾದುದಲ್ಲ. ಇಂಥ ಬರಹಗಳು ಕನ್ನಡಕ್ಕೆ ಬರುವಾಗ ಅಂಕಿ ಉಳಿಯುತ್ತದೆ, ಅಂಕಿಗೆ ತಲುಪಿದ ದಾರಿ ಅಳಿಯುತ್ತದೆ.

ನಕ್ಷತ್ರಗಳ ಮೂಲದ್ರವ್ಯ ಹೈಡ್ರೋಜನ್ ಅಣು. ಎರಡು ಸಮಾನ ಪರಮಾಣುಗಳ ಈ ಜೋಡಿ ಕಡುಶೀತದಲ್ಲಿ ರೇಡಿಯೋ ಅಲೆಗಳನ್ನು ಸೂಸುವುದೇ ಇಲ್ಲವೆನ್ನಬಹುದು. ಆದ್ದರಿಂದ ಅದರೊಡನೆ ಹತ್ತುಸಾವಿರಕ್ಕೊಂದರಂತೆ ಬೆರೆತಿರುವ ಕಾರ್ಬನ್ ಮಾನಾಕ್ಸೈಡನ್ನು ಹುಡುಕುತ್ತಾರೆ. ತಿರುಗುವ ಈ ಅಣು ತನ್ನ ವೇಗದ ಮೆಟ್ಟಿಲಿಳಿಯುವಾಗ 2.6 ಮಿಲಿಮೀಟರ್ ಉದ್ದದ ಅಲೆಯನ್ನು ಹೊಮ್ಮಿಸುತ್ತದೆ. 1970ರಲ್ಲಿ ವಿಲ್ಸನ್, ಜೆಫರ್ಟ್ಸ್, ಪೆನ್ಜಿಯಾಸ್ ಅದನ್ನು ಒರಾಯನ್ ನೀಹಾರಿಕೆಯಲ್ಲಿ ಮೊದಲು ಕಂಡರು. ಇಲ್ಲಿಯವರೆಗೆ ವೀಕ್ಷಣೆ. ಮುಂದಿನದು ಅರ್ಥೈಸುವಿಕೆ: ಕಂಡ ಬೆಳಕನ್ನು ಯಾವ ಸಂಖ್ಯೆಯಿಂದ ಗುಣಿಸಿದರೆ ಕಾಣದ ಹೈಡ್ರೋಜನ್ನಿನ ತೂಕ ದೊರೆಯುತ್ತದೆ? ಆಕಾಶಗಂಗೆಗೆ ಒಪ್ಪುವ ಗುಣಕವನ್ನು ಬಳಸಿದರೆ ಒಂದು ಉತ್ತರ. ಅನಿಲ ಒತ್ತೊತ್ತಾಗಿ ಕಲಕಿಹೋಗಿರುವ ಗ್ಯಾಲಕ್ಸಿಗಳ ಗುಣಕವನ್ನು ಬಳಸಿದರೆ ಅದರ ಐದನೆಯ ಒಂದು ಪಾಲು. ಆ ಭರಾಟೆಗೆ ಉಳಿದಿರುವ ಆಯುಸ್ಸೂ ಅಷ್ಟೇ ಪಾಲು ಕುಗ್ಗುತ್ತದೆ.

1991ರ ಪ್ರಸಂಗವನ್ನು ನೋಡಿ. ಐರಾಸ್ ಉಪಗ್ರಹದ ಪಟ್ಟಿಯಲ್ಲಿದ್ದ ಎಫ್10214+4724 ಎಂಬ ಅತಿದೂರದ ಗ್ಯಾಲಕ್ಸಿಯಲ್ಲಿ ಬ್ರೌನ್ ಮತ್ತು ವಾಂಡನ್ ಬೌಟ್ ಈ ಅನಿಲದ ರೇಖೆಯನ್ನು ಕಿಟ್ ಪೀಕಿನ 12 ಮೀಟರ್ ದೂರದರ್ಶಕದಿಂದ ಗುರುತಿಸಿದರು. ಸುಮಾರು 346 ಗಿಗಾಹರ್ಟ್ಸ್‌ನಲ್ಲಿ ಹೊರಟದ್ದು, ವಿಶ್ವ ಹಿಗ್ಗಿದ ಕಾರಣ, 105ರ ಆಸುಪಾಸಿನಲ್ಲಿ ಬಂದು ತಲುಪಿತ್ತು. ಅನಿಲದ ರಾಶಿ ಬೆರಗು ಹುಟ್ಟಿಸುವಷ್ಟು ದೊಡ್ಡದೆಂದು ಲೆಕ್ಕವಾಯಿತು. ಕೆಲವೇ ವರ್ಷಗಳಲ್ಲಿ ತಿಳಿದದ್ದು ಬೇರೆ: ನಡುದಾರಿಯಲ್ಲಿದ್ದ ಇನ್ನೊಂದು ಗ್ಯಾಲಕ್ಸಿ ತನ್ನ ಗುರುತ್ವದಿಂದ ಮಸೂರದಂತೆ ವರ್ತಿಸಿ ಬೆಳಕನ್ನು ಹಿಗ್ಗಿಸಿತ್ತು. ರೇಖೆ ನಿಜವಾಗಿಯೇ ಉಳಿಯಿತು. ರಾಶಿ ಬಹುವಾಗಿ ಇಳಿಯಿತು.

ಗ್ರಂಥಸಂಪಾದನೆಯನ್ನು ಓದಿದ ನಮಗೆ ಇದು ಹೊಸತೇನಲ್ಲ. ಪಾಠಾಂತರಗಳನ್ನು ಕಾಣಿಸದೆ ತನ್ನ ಪಾಠವನ್ನಷ್ಟೇ ಅಚ್ಚುಹಾಕುವ ಸಂಪಾದಕನನ್ನು ನಾವು ಒಪ್ಪುವುದಿಲ್ಲ. ವಿಜ್ಞಾನ ಲೇಖಕನಿಗೆ ಮಾತ್ರ ಆ ರಿಯಾಯಿತಿ ಏಕೆ? ಗುಣಕ, ಮಸೂರ ಎಂದೆಲ್ಲ ವಿವರಿಸಿದರೆ ಓದುಗ ಬೇಸರಪಡುತ್ತಾನೆ ಎನ್ನುವವರಿದ್ದಾರೆ. ಶಾಸನವೊಂದರ ಒಂದು ಅಕ್ಷರದ ಬಗ್ಗೆ ಗಂಟೆಗಟ್ಟಲೆ ವಾದಿಸುವ ನಮ್ಮ ತರಗತಿಯನ್ನು ಅವರು ಕಂಡಿಲ್ಲ. ಆ ವಿದ್ಯಾರ್ಥಿಗೆ ಬರಹವನ್ನು ಹಿಂದಿರುಗಿಸಿದ್ದೇನೆ, ಈ ಸಲ ಗುಣಕದ ಪರಿಚ್ಛೇದವನ್ನು ಬಿಡದೆ ಅನುವಾದಿಸಬೇಕೆಂದು.