ಮುಗಿಸುವ ಓದು, ಮೆಲುಕಿನ ಓದು



ಕಳೆದ ವಾರ ಬಂಡ್ರಿಯ ನಮ್ಮ ಮನೆಗೆ ಬಂದಿದ್ದ ಹಳೆಯ ಶಿಷ್ಯನೊಬ್ಬ, "ಸರ್, ಒಂದೇ ವರ್ಷದಲ್ಲಿ ಇಡೀ ಬೈಬಲ್ ಮುಗಿಸಿದೆ" ಎಂದ. ಸಂತೋಷವಾಯಿತು. ಯಾವ ಮಾತು ಮನಸ್ಸಿನಲ್ಲಿ ನಿಂತಿತಪ್ಪಾ ಎಂದು ಕೇಳಿದೆ. ತಲೆ ತಗ್ಗಿಸಿದ. ಈಚೆಗೆ ತಂದೆಯನ್ನು ಕಳೆದುಕೊಂಡವನು. ಆ ರಾತ್ರಿ ಒಂದು ವಾಕ್ಯವೂ ನೆನಪಿಗೆ ಬರಲಿಲ್ಲವೆಂದು ಒಪ್ಪಿಕೊಂಡ.

ತಪ್ಪು ಅವನದಲ್ಲ, ವೇಳಾಪಟ್ಟಿಯದು. ಪ್ರೊಟೆಸ್ಟೆಂಟ್ ಬೈಬಲಿನಲ್ಲಿ 66 ಪುಸ್ತಕಗಳು, 1189 ಅಧ್ಯಾಯಗಳು. ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರು ಅಧ್ಯಾಯ ಓದಿದರೂ ಸಾಲದು. ಪರೀಕ್ಷೆಗೆ ಮುನ್ನ ಪಾಠ ಮುಗಿಸುವ ಮೇಷ್ಟರ ಲೆಕ್ಕವಿದು. ನಾನೂ ಹಾಗೆ ಓಡಿಸಿದವನೇ. ನೀವು ಬೇಸಿಗೆ ರಜೆಯಲ್ಲೇ ಮರೆತದ್ದೂ ನನಗೆ ಗೊತ್ತು!

ಈ ಗ್ರಂಥ ಕನ್ನಡಕ್ಕೆ ಬಂದದ್ದು ನಮ್ಮ ಬಳ್ಳಾರಿಯಿಂದಲೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅಲ್ಲಿಗೆ ಬಂದದ್ದು 1810ರಲ್ಲಿ. ಆಮೇಲೆ ಕೂಡಿಕೊಂಡ ವಿಲಿಯಂ ರೀವ್ ಅವರೊಡನೆ ದುಡಿದು ಇಡೀ ಬೈಬಲನ್ನು ಕನ್ನಡದಲ್ಲಿ ಹೊರತಂದದ್ದು 1831ರಲ್ಲಿ. ಅವರು ಎರಡು ದಶಕ ತಿಣುಕಿ ತಂದುಕೊಟ್ಟದ್ದನ್ನು ನಾವು ಬಸ್ಸು ಹಿಡಿಯುವ ಅವಸರದಲ್ಲಿ ಓದಬೇಕೆ?

ಕ್ರೈಸ್ತ ಮಠಗಳಲ್ಲಿ ಇನ್ನೊಂದು ಬಗೆಯ ಓದುಂಟು. ಹೆಸರು 'ಲೆಕ್ಸಿಯೊ ದಿವಿನಾ'. 12ನೆಯ ಶತಮಾನದ ಗೀಗೊ ಎಂಬ ಸನ್ಯಾಸಿ ಅದಕ್ಕೆ ನಾಲ್ಕು ಮೆಟ್ಟಿಲು ಹೇಳಿದ: ಓದು, ಮನನ, ಪ್ರಾರ್ಥನೆ, ಧ್ಯಾನ. ಓದೆಂದರೆ ತುತ್ತನ್ನು ಬಾಯಿಗಿಡುವುದು, ಮನನವೆಂದರೆ ಅಗಿಯುವುದು ಎಂದು ಅವನು ವಿವರಿಸಿದ. ಹಿತ್ತಲಲ್ಲಿ ಮೆಲುಕು ಹಾಕುವ ಎಮ್ಮೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

"ಇದು ಕ್ಯಾಥೊಲಿಕರ ಪದ್ಧತಿ, ನಮಗೇಕೆ?" ಎನ್ನುವವರುಂಟು. ಹಗಲಿರುಳೂ ಧ್ಯಾನಿಸುವವನನ್ನು ಮೊದಲನೆಯ ಕೀರ್ತನೆಯೇ ಹೊಗಳುತ್ತದೆ. ಅದು ಈ ಎರಡು ಪಂಗಡಗಳಿಗಿಂತಲೂ ಹಳೆಯದು. "ತೋಚಿದ ಅರ್ಥ ಹಚ್ಚಿದರೆ?" ಎಂಬ ಭಯ ಮಾತ್ರ ನ್ಯಾಯವಾದುದು. ಓದಿಲ್ಲದ ಮನನ ದಾರಿ ತಪ್ಪುವುದೆಂದು ಗೀಗೊನೇ ಎಚ್ಚರಿಸಿದ್ದಾನೆ. ಆದುದರಿಂದ ಹಿಂದುಮುಂದಿನ ಸಂದರ್ಭ ತಿಳಿದೇ ಕುಳಿತುಕೊಳ್ಳಬೇಕು. ಆದರೆ ಕುಳಿತುಕೊಳ್ಳಲೇಬೇಕು. ಬೆಳಗಾದರೆ ಮೊಬೈಲಿನಲ್ಲಿ ಹೂವಿನ ಚಿತ್ರದೊಡನೆ ವಾಕ್ಯ ರವಾನಿಸುವುದು ಅಂಚೆಯವನ ಕೆಲಸ, ಓದುಗನದಲ್ಲ.

ಆ ಹುಡುಗನಿಗೆ 23ನೆಯ ಕೀರ್ತನೆಯನ್ನು ಕೊಟ್ಟು ಕಳಿಸಿದೆ. ಆರೇ ವಚನ. ತಿಂಗಳಿಡೀ ಅದೊಂದನ್ನೇ ಗಟ್ಟಿಯಾಗಿ ಓದು, ಹಿಡಿದು ನಿಲ್ಲಿಸಿದ ಪದದಲ್ಲಿ ನಿಲ್ಲು, ಅಳು ಬಂದರೆ ಅಳು, ಅದೇ ಪ್ರಾರ್ಥನೆ ಎಂದೆ.

ನೀವೂ ಹಾಗೆಯೇ ಓದಿ. "ಸರ್, ಮುಗಿಸಿದೆ" ಎಂದು ಬಂದವರಿಗೆ ಈ ವಿಷಯದಲ್ಲಿ ನನ್ನಿಂದ ಸೊನ್ನೆಯೇ.

ನಿಮ್ಮ ಮೇಷ್ಟ್ರು