ಮನೆಮಾತು: ಸ್ಲೀವೋ, ಬೈಪಾಸೋ?



ಹೋದ ಸಂಚಿಕೆಯಲ್ಲಿ ದಸರಾ ಗೊಂಬೆಗಳ ಬಗ್ಗೆ ಬರೆದಿದ್ದೆ. ಈ ಸಲದ್ದು ಅಷ್ಟು ಹಗುರವಾದ ವಿಷಯವಲ್ಲ. ನಿಮ್ಮಲ್ಲಿ ಕೆಲವರಾದರೂ ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗುತ್ತಿರಬಹುದಾದ ವಿಷಯ. ಅದಕ್ಕೇ ಬರೆಯುತ್ತಿದ್ದೇನೆ.

ವಿಜಯವಾಡದಲ್ಲಿರುವ ನನ್ನ ತಂಗಿಯ ಮಗಳು ಒಂದು ರಾತ್ರಿ ಫೋನ್ ಮಾಡಿದಳು. "ದೊಡ್ಡಮ್ಮ, ಅಮ್ಮನಿಗೆ ಹೇಳ್ಬೇಡಿ. ತೂಕ ಇಳಿಸೋ ಆಪರೇಷನ್ ಮಾಡಿಸ್ಕೋಬೇಕು ಅಂತಿದ್ದೀನಿ. ಸ್ಲೀವ್ ಮಾಡಿಸ್ಲೋ, ಬೈಪಾಸ್ ಮಾಡಿಸ್ಲೋ ಗೊತ್ತಾಗ್ತಿಲ್ಲ. ನೀವು ಇಂಗ್ಲಿಷ್ ಓದ್ತೀರಲ್ಲ, ಸ್ವಲ್ಪ ನೋಡಿ ಹೇಳಿ."

ಹುಡುಗಿಗೆ 27 ವರ್ಷ. ಎತ್ತರ 160 ಸೆಂಟಿಮೀಟರ್, ತೂಕ 98 ಕಿಲೋ. ಎರಡು ವರ್ಷದಿಂದ ಸಕ್ಕರೆ ಕಾಯಿಲೆ. ರಾತ್ರಿ ಎರಡು ದಿಂಬು ಇಟ್ಟುಕೊಂಡು ಮಲಗದಿದ್ದರೆ ಎದೆ ಉರಿ. ಅವರ ಊರಿನಲ್ಲೇ ಒಂದು ಕಡೆ ತೋರಿಸಿದಾಗ, ಹತ್ತು ನಿಮಿಷದಲ್ಲಿ "ಸ್ಲೀವ್ ಮಾಡೋಣ, ಈ ತಿಂಗಳು ಬುಕ್ ಮಾಡಿದರೆ ಪ್ಯಾಕೇಜಿನಲ್ಲಿ ರಿಯಾಯಿತಿ" ಎಂದರಂತೆ. ಎದೆ ಉರಿಯ ವಿಷಯ ಕೇಳಲೇ ಇಲ್ಲವಂತೆ. ಸೀರೆ ಅಂಗಡಿಯಲ್ಲಿ ರಿಯಾಯಿತಿ ಇರಲಿ, ಜಠರಕ್ಕೂ ರಿಯಾಯಿತಿಯೇ? ನನಗೆ ಸರಿ ಅನಿಸಲಿಲ್ಲ. "ರತ್ನಾಚಲ್ ಹತ್ತಿ ವಿಶಾಖಪಟ್ಟಣಕ್ಕೆ ಬಾ, ಇಲ್ಲಿ ಇನ್ನೊಬ್ಬರಿಗೆ ತೋರಿಸೋಣ" ಎಂದೆ.

ಇಲ್ಲಿಯ ಡಾಕ್ಟರಮ್ಮ ಪ್ಯಾಕೇಜಿನ ಮಾತೇ ಎತ್ತಲಿಲ್ಲ. ಮೊದಲು ಕೇಳಿದ್ದು, "ರಾತ್ರಿ ಎದೆ ಉರಿಯುತ್ತಾ?" ಎಂದು. ಎಂಡೋಸ್ಕೋಪಿ ಮಾಡಿಸಿದರು. ಅನ್ನನಾಳದ ಕೆಳಭಾಗ ಆಮ್ಲದಿಂದ ಕೆಂಪಗೆ ಊದಿಕೊಂಡಿತ್ತು. ಆಮೇಲೆ ಕಾಗದದ ಮೇಲೆ ಜಠರದ ಚಿತ್ರ ಬರೆದು ನಮ್ಮಿಬ್ಬರಿಗೂ ವಿವರಿಸಿದರು. ನನಗೆ ಅರ್ಥವಾದಷ್ಟನ್ನು ನಿಮಗೂ ಹೇಳುತ್ತೇನೆ.

ಸ್ಲೀವ್ ಎಂದರೆ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆ ಮಾಡುವುದು. ಕರುಳನ್ನು ಮುಟ್ಟುವುದಿಲ್ಲ. ಹಸಿವು ಹುಟ್ಟಿಸುವ ಹಾರ್ಮೋನೂ ಕಡಿಮೆಯಾಗುತ್ತದೆ. ಬೈಪಾಸ್‌ಗಿಂತ ಸರಳ, ಬೇಗ ಮುಗಿಯುತ್ತದೆ. ಆದರೆ ತೆಗೆದ ಜಠರ ಮತ್ತೆ ಬರುವುದಿಲ್ಲ. ಕೊಳವೆಯೊಳಗೆ ಒತ್ತಡ ಹೆಚ್ಚುವುದರಿಂದ ಎದೆ ಉರಿ ಇದ್ದವರಿಗೆ ಅದು ಇನ್ನೂ ಹೆಚ್ಚಬಹುದು.

ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಊಟ ಮಾತ್ರ ಆ ದಾರಿಯಲ್ಲಿ ಹೋಗುವುದಿಲ್ಲ. ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ 1966ರಲ್ಲಿ ಶುರು ಮಾಡಿದ ಪದ್ಧತಿಯಿಂದ ಬೆಳೆದು ಬಂದದ್ದು ಇದು. ಸಕ್ಕರೆ ಕಾಯಿಲೆಗೂ ಎದೆ ಉರಿಗೂ ಒಳ್ಳೆಯದು. ಆದರೆ ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಜೀವನಪರ್ಯಂತ ಬಿಡುವಂತಿಲ್ಲ. ಜೋಡಣೆಯ ಜಾಗದಲ್ಲಿ ಹುಣ್ಣಾಗುವ ಭಯವಿರುವುದರಿಂದ ಸಿಗರೇಟು ಕೂಡದು, ಬ್ರೂಫೆನ್‌ನಂಥ ನೋವಿನ ಮಾತ್ರೆಯೂ ಕೂಡದು. ಮದ್ಯ ಬಹುಬೇಗ ತಲೆಗೇರುತ್ತದೆ. ಹುಡುಗರು ಇದನ್ನು ಎರಡು ಸಲ ಓದಿ. ಒಂದೇ ಜೋಡಣೆಯ 'ಮಿನಿ ಬೈಪಾಸ್' ಕೂಡ ನಮ್ಮ ದೇಶದಲ್ಲಿ ಬಹಳ ಮಾಡುತ್ತಾರೆ. ಅದರಲ್ಲಿ ಪಿತ್ತರಸ ಮೇಲಕ್ಕೆ ಬರುವ ಸಾಧ್ಯತೆಯನ್ನು ವಿಚಾರಿಸಬೇಕು.

ಫಿನ್ಲೆಂಡಿನಲ್ಲಿ 240 ಜನರಿಗೆ ಈ ಎರಡರಲ್ಲಿ ಒಂದೊಂದನ್ನು ಮಾಡಿ, ಹತ್ತು ವರ್ಷ ಗಮನಿಸಿ, 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚುವರಿ ತೂಕದಲ್ಲಿ ಸ್ಲೀವ್‌ನವರು ಸುಮಾರು ಶೇ. 44, ಬೈಪಾಸ್‌ನವರು ಶೇ. 51ರಷ್ಟು ಇಳಿಸಿಕೊಂಡಿದ್ದರು. ಅಂತರ ಅಷ್ಟೇನೂ ದೊಡ್ಡದಲ್ಲ. ಆದರೆ ಅನ್ನನಾಳದ ಉರಿಯೂತ ಸ್ಲೀವ್‌ನವರಲ್ಲಿ ಶೇ. 31, ಬೈಪಾಸ್‌ನವರಲ್ಲಿ ಶೇ. 7. ಇದನ್ನು ಓದಿದ ಮೇಲೆ ನನಗೆ ತಿಳಿಯಿತು: "ಯಾವುದರಲ್ಲಿ ಹೆಚ್ಚು ಸಣ್ಣಗಾಗುತ್ತೇನೆ?" ಎನ್ನುವುದು ಮೊದಲ ಪ್ರಶ್ನೆಯಲ್ಲ. "ನನಗಿರುವ ಕಾಯಿಲೆ ಯಾವುದು? ಆಮೇಲಿನ ಕಟ್ಟುಪಾಡುಗಳಲ್ಲಿ ಯಾವುದನ್ನು ಜೀವನವಿಡೀ ಪಾಲಿಸಬಲ್ಲೆ?" ಎನ್ನುವುದೇ ಮೊದಲ ಪ್ರಶ್ನೆ.

ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ನನ್ನು ಇದರೊಂದಿಗೆ ಬೆರೆಸಬೇಡಿ. ಅದು ಆಕಾರಕ್ಕಾಗಿ ಮಾಡುವುದು, ಬೊಜ್ಜಿನ ಕಾಯಿಲೆಗೆ ಚಿಕಿತ್ಸೆಯಲ್ಲ. ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋಗಿ ತೀರಿಕೊಂಡಾಗ ಆಕೆಗೆ ಇನ್ನೂ 21 ವರ್ಷ.

ಇನ್ನು ದುಡ್ಡಿನ ಮಾತು. ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವುದೇ ಬಿಎಂಐ. ನಮ್ಮ ಹುಡುಗಿಯದು 38.3. ಏಷ್ಯಾದವರಿಗೆ 27.5 ದಾಟಿದರೇ ಆಪರೇಷನ್ ಯೋಚಿಸಬಹುದೆಂದು 2022ರಲ್ಲಿ ಅಂತರರಾಷ್ಟ್ರೀಯ ತಜ್ಞರು ಹೇಳಿದ್ದಾರೆ. ಆದರೆ ಆರೋಗ್ಯ ವಿಮೆಯ ನಿಯಮ ಬೇರೆ. ವಯಸ್ಸು 18 ಆಗಿರಬೇಕು. ಬಿಎಂಐ 40 ಇರಬೇಕು, ಇಲ್ಲವೇ 35 ಇದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ, ನಿದ್ದೆಯಲ್ಲಿ ಉಸಿರು ನಿಲ್ಲುವ ತೀವ್ರ ತೊಂದರೆ ಇಂಥದ್ದೇನಾದರೂ ಇರಬೇಕು. ಪಾಲಿಸಿಯ ಕಾಗದ ಓದದೆ ಮುಂಗಡ ಕಟ್ಟಬೇಡಿ.

ಕೊನೆಗೆ ತಂಗಿಗೆ ಹೇಳಲೇಬೇಕಾಯಿತು. ಅವಳು ಅತ್ತಳು. "ಬಾಯಿ ಕಟ್ಟಿದರೆ ಸಾಕಲ್ಲ ಅಕ್ಕ, ಹೊಟ್ಟೆ ಯಾಕೆ ಕುಯ್ಯಿಸಬೇಕು?" ಎಂದಳು. ನಾನು ಉತ್ತರ ಕೊಡುವ ಮೊದಲೇ ಹುಡುಗಿ ಹೇಳಿದಳು: "ಹತ್ತು ವರ್ಷದಿಂದ ಬಾಯಿ ಕಟ್ಟಿದ್ದೀನಮ್ಮ. ಮೂರು ಸಲ ಹತ್ತತ್ತು ಕಿಲೋ ಇಳಿಸಿದೆ, ಮೂರು ಸಲವೂ ವಾಪಸ್ ಬಂತು." ಪಥ್ಯ ಮಾಡಿ ತೂಕ ಇಳಿಸಿದಾಗ ದೇಹವೇ ಹಸಿವು ಹೆಚ್ಚಿಸಿ ಹಳೆಯ ತೂಕಕ್ಕೆ ಎಳೆಯುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದು ಆಗ ನೆನಪಾಯಿತು. ಅದರ ಜೊತೆಗೆ ಇನ್ನೊಂದೂ ನೆನಪಾಯಿತು. ಅವಳಿಗೆ ಹತ್ತು ವರ್ಷವಿದ್ದಾಗ ಒಂದು ಮದುವೆಮನೆಯಲ್ಲಿ, "ಊಟ ಬಲ್ಲವನಿಗೆ ರೋಗವಿಲ್ಲ ಕಣೇ" ಎನ್ನುತ್ತಾ ಎಲ್ಲರೆದುರು ಅವಳ ಎಲೆಯಿಂದ ಬಂದರ್ ಲಡ್ಡು ಎತ್ತಿಕೊಂಡವಳು ನಾನೇ. ಅವಳು ಅದನ್ನು ಮರೆತಿಲ್ಲವಂತೆ. ಗಾದೆ ಸುಳ್ಳಲ್ಲ, ಆದರೆ ಅದನ್ನು ಕೋಲು ಮಾಡಿಕೊಂಡದ್ದು ನನ್ನ ತಪ್ಪು. ಅಂದೇ ಕ್ಷಮೆ ಕೇಳಿದೆ.

2025ರಲ್ಲಿ ನಮ್ಮ ದೇಶಕ್ಕೆ ಬಂದ ಮೌಂಜಾರೋ, ವೆಗೋವಿ ಚುಚ್ಚುಮದ್ದುಗಳ ವಿಷಯವನ್ನೂ ವಿಚಾರಿಸಿದೆವು. ಅವುಗಳಿಂದಲೂ ತೂಕ ಇಳಿಯುತ್ತದೆ, ನಿಲ್ಲಿಸಿದರೆ ಬಹಳಷ್ಟು ಮರಳಿ ಬರುತ್ತದೆ. ಆಪರೇಷನ್ ಬೇಡವೆನ್ನುವವರು ಡಾಕ್ಟರ ಜೊತೆ ಅದನ್ನೂ ಚರ್ಚಿಸಬೇಕು. ಎಲ್ಲ ಕೇಳಿದ ಮೇಲೆ ಅವಳು ತಾನೇ ಬೈಪಾಸ್ ಆರಿಸಿಕೊಂಡಳು.

ಈಗ ಎಂಟು ತಿಂಗಳಾಗಿದೆ. 98 ಇದ್ದದ್ದು 71 ಆಗಿದೆ. ಸಕ್ಕರೆ ಮಾತ್ರೆ ಸದ್ಯಕ್ಕೆ ನಿಂತಿದೆ, ಒಂದೇ ದಿಂಬಿನಲ್ಲಿ ಮಲಗುತ್ತಾಳೆ. ಎಲ್ಲವೂ ಸಿಹಿಯೇ ಅಂತಲ್ಲ. ನಾಲ್ಕನೇ ತಿಂಗಳಲ್ಲಿ ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ಹಬ್ಬದ ದಿನ ಒಂದು ಹೋಳಿಗೆ ಪೂರ್ತಿ ತಿಂದು ಬೆವತು, ಎದೆ ಬಡಿದುಕೊಂಡು ಅರ್ಧ ಗಂಟೆ ಮಲಗಿದಳು. ಸಿಹಿ ನೇರವಾಗಿ ಕರುಳಿಗಿಳಿದರೆ ಹಾಗಾಗುತ್ತದಂತೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ನಮ್ಮಂಥ ಸಸ್ಯಾಹಾರಿಗಳ ಮನೆಯಲ್ಲಿ ತಿಳಿಸಾರಿನಿಂದ ಅದು ಸಿಗುವುದಿಲ್ಲ. ಮೊದಲು ಪನೀರ್, ಕಾಳು, ಗಟ್ಟಿ ಮೊಸರು, ಹೊಟ್ಟೆಯಲ್ಲಿ ಜಾಗ ಉಳಿದರೆ ಅನ್ನ.

ಕಳೆದ ತಿಂಗಳು ಅವಳಿಗೆ ಗಂಡಿನ ಕಡೆಯವರು ಬಂದಿದ್ದರು. ತಂಗಿ ಆಪರೇಷನ್ ವಿಷಯ ಮುಚ್ಚಿಡೋಣ ಎಂದಳು. ಹುಡುಗಿ ಒಪ್ಪಲಿಲ್ಲ. ಹುಡುಗನಿಗೆ ತಾನೇ ಹೇಳಿದಳು. ಆಪರೇಷನ್ ಆದ ಮೇಲೆ ಒಂದರಿಂದ ಒಂದೂವರೆ ವರ್ಷ ಬಸಿರಾಗಬಾರದೆಂದು ಡಾಕ್ಟರು ಹೇಳಿರುವುದನ್ನೂ ಹೇಳಿದಳು. ಅವರಿಂದ ಇನ್ನೂ ಉತ್ತರ ಬಂದಿಲ್ಲ. "ಬರದಿದ್ದರೆ ಬೇಡ ದೊಡ್ಡಮ್ಮ, ನಾನು ಮಾಡಿಸಿಕೊಂಡದ್ದು ಅವರಿಗೋಸ್ಕರ ಅಲ್ಲವಲ್ಲ" ಎಂದಳು.

ಮಕ್ಕಳೇ, ಪಕ್ಕದ ಮನೆಯವರು "ಲಾವೈಪೋಯಾವಮ್ಮಾ" ಅಂದರೆಂದು ಯಾರೂ ಆಪರೇಷನ್ ಕೋಣೆಗೆ ಹೋಗಬೇಡಿ. ಕಾಯಿಲೆ ಇದ್ದು ನಿಜವಾಗಿ ಬೇಕಾದವರು ನಾಚಿಕೆಯಿಂದ ಹಿಂದೆಗೆಯಲೂ ಬೇಡಿ. ಇಬ್ಬರು ಡಾಕ್ಟರರನ್ನು ಕೇಳಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಹೇಳಲು ಯಾರೂ ಇಲ್ಲದಿದ್ದರೆ ಸಂಘದ ವಿಳಾಸಕ್ಕೆ ನನಗೊಂದು ಕಾಗದ ಬರೆಯಿರಿ. ಗಾದೆ ಹೇಳುವುದಿಲ್ಲ, ಮಾತು ಕೊಡುತ್ತೇನೆ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.