ತೂಕ ಇಳಿದ ಮೇಲೂ ಉಳಿಯುವ ಹೊಟ್ಟೆ

ಮೂವತ್ತು ನಲವತ್ತು ಕಿಲೋ ತೂಕ ಇಳಿಸಿಕೊಂಡವರು ಮದುವೆ ಮನೆಗಳಲ್ಲಿ ಕೇಳಲೇಬೇಕಾದ ಮಾತೊಂದಿದೆ: 'ಎಷ್ಟು ಸಣ್ಣಗಾಗಿದ್ದೀರಿ! ಆದರೆ ಹೊಟ್ಟೆಯೊಂದು ಹಾಗೇ ಇದೆಯಲ್ಲ?' ಮೆಚ್ಚುಗೆಯ ಬೆನ್ನಿಗೇ ಬರುವ ಈ ಆಕ್ಷೇಪ, ವರ್ಷಗಳ ಸಂಯಮವನ್ನು ಒಂದು ಗಳಿಗೆಯಲ್ಲಿ ಸೋಲಿನ ಸಾಲಿಗೆ ಸೇರಿಸಿಬಿಡುತ್ತದೆ. ಅದು ಸೋಲಲ್ಲ ಎನ್ನಲು ಸಾಂತ್ವನದ ಮಾತೇ ಬೇಕಿಲ್ಲ. ವಿಜ್ಞಾನದ ಆಧಾರವೇ ಇದೆ.

ಹಾಗೆಂದು ಹೊಟ್ಟೆಯ ಕೊಬ್ಬನ್ನು ಕಡೆಗಣಿಸುವಂತಿಲ್ಲ. ಪುಣೆಯ ವೈದ್ಯವಿಜ್ಞಾನಿ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ದೇಹಗಳನ್ನು ನಿದರ್ಶನವಾಗಿ ಮುಂದಿಟ್ಟರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿದ್ದ ಕೊಬ್ಬು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ತೆಳ್ಳಗೆ ಕಾಣುವ ಭಾರತೀಯನೂ ಒಳಗೆ ಕೊಬ್ಬು ಹೊತ್ತಿರಬಹುದು. ಸೊಂಟದ ಸುತ್ತಳತೆ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ದಾಟಬಾರದೆಂದು ನಮ್ಮ ವೈದ್ಯರು ಎಚ್ಚರಿಸುವುದು ಇಂಥ ಕಾರಣಗಳಿಂದಲೇ.

ಆದರೆ ನಾವು 'ಹೊಟ್ಟೆ' ಎಂದು ಒಂದೇ ಮಾತಿನಲ್ಲಿ ಕರೆಯುವುದರಲ್ಲಿ ಮೂರು ಸಂಗತಿಗಳಿವೆ. ಯಕೃತ್ತು, ಕರುಳುಗಳ ಸುತ್ತ ಸೇರುವ ಕೊಬ್ಬು ಮೊದಲನೆಯದು. ಮಧುಮೇಹಕ್ಕೂ ಹೃದ್ರೋಗಕ್ಕೂ ದಾರಿ ಮಾಡುವ ಇದು, ಊಟ ಹಿತಮಿತವಾಗಿ ನಡಿಗೆ ಹೆಚ್ಚಿದಾಗ ಬೇಗನೆ ಕರಗತೊಡಗುತ್ತದೆ. ಚರ್ಮದಡಿಯ ಕೊಬ್ಬು ಎರಡನೆಯದು; ಅದು ನಿಧಾನಿ. ಮೂರನೆಯದು ಚರ್ಮ. ವರ್ಷಾನುಗಟ್ಟಲೆ ಹಿಗ್ಗಿದ ಚರ್ಮದ ಎಳೆಗಳು ಹಿಂದಿನ ಬಿಗಿಗೆ ಮರಳುವುದಿಲ್ಲ. ಬಹಳಷ್ಟು ತೂಕ ಇಳಿಸಿದವರು ಕನ್ನಡಿಯಲ್ಲಿ ಕಂಡು ಕೊರಗುವುದು ಹೆಚ್ಚಾಗಿ ಕೊನೆಯ ಎರಡನ್ನು. ನಿಜವಾದ ಅಪಾಯವನ್ನು ಅವರು ಆಗಲೇ ಬಹುಮಟ್ಟಿಗೆ ಗೆದ್ದಿರುತ್ತಾರೆ.

ಬೇಕಾದ ಜಾಗದ ಕೊಬ್ಬನ್ನಷ್ಟೇ ಕರಗಿಸುತ್ತೇವೆಂಬ ಭರವಸೆಯೂ ಹುಸಿ. 1971ರಲ್ಲಿ ಅಮೆರಿಕದ ಸಂಶೋಧಕರು ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದು ನೋಡಿದರು. ಆಡುವ ತೋಳಿನ ಸ್ನಾಯು ಬೆಳೆದಿತ್ತು. ಚರ್ಮದಡಿಯ ಕೊಬ್ಬಿನ ದಪ್ಪ ಮಾತ್ರ ಎರಡರಲ್ಲೂ ಒಂದೇ ಇತ್ತು. ದಿನಕ್ಕೆ ನೂರು ಬಾರಿ ಹೊಟ್ಟೆಯ ವ್ಯಾಯಾಮ ಮಾಡಿಯೂ ಹೊಟ್ಟೆ ಕರಗದೇ ಇದ್ದರೆ ತಪ್ಪು ಮಾಡುವವರದಲ್ಲ.

ಈ ತಪ್ಪು ತಿಳಿವಳಿಕೆಯ ಮೇಲೆಯೇ ಬೆವರು ಪಟ್ಟಿ, ಕೊಬ್ಬು ಕರಗಿಸುವ ಚಹಾಗಳ ವ್ಯಾಪಾರ ನಿಂತಿದೆ. ಕೊಬ್ಬನ್ನು ಹೀರಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನೂ ಆರೋಗ್ಯದ ಹೆಸರಿನಲ್ಲಿ ಕೊಳ್ಳುವವರಿದ್ದಾರೆ. ಅಮೆರಿಕದಲ್ಲಿ ಸ್ಥೂಲಕಾಯದ 15 ಮಹಿಳೆಯರ ಹೊಟ್ಟೆಯಿಂದ ಹೀಗೆ ಬಹಳಷ್ಟು ಕೊಬ್ಬು ತೆಗೆದು, ಕೆಲವು ವಾರಗಳ ನಂತರ ಪರೀಕ್ಷಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರ ರಕ್ತದ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ಯಾವುದರಲ್ಲೂ ಹೇಳಿಕೊಳ್ಳುವ ಸುಧಾರಣೆ ಕಂಡಿರಲಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಗೆ ಒಳಗಾದ ಬಳಿಕ ಅಸುನೀಗಿದ್ದನ್ನು ನಾವು ಮರೆಯಬಾರದು.

ಜೋತುಬಿದ್ದ ಚರ್ಮದ ಮಡಿಕೆಗಳಲ್ಲಿ ಹುಣ್ಣಾಗಿ ಓಡಾಟವೇ ಕಷ್ಟವಾದವರಿಗೆ ಶಸ್ತ್ರಚಿಕಿತ್ಸೆ ಅಲಂಕಾರವಲ್ಲ, ಪರಿಹಾರವೇ ಸರಿ. ತೂಕ ಸ್ಥಿರಗೊಂಡ ಮೇಲೆ, ಸುಸಜ್ಜಿತ ಆಸ್ಪತ್ರೆಯಲ್ಲಿ, ಅರಿವಿನಿಂದ ಕೈಗೊಳ್ಳುವ ನಿರ್ಧಾರ ಅದಾಗಿರಬೇಕು. ನಾಲ್ಕು ಜನರ ಮಾತಿಗೆ ಅಂಜಿ ಆಗಬಾರದು.

ಹಾಗಾದರೆ ಆತ್ಮವಿಶ್ವಾಸ ಎಲ್ಲಿಂದ ಬರಬೇಕು? ಸೊಂಟಕ್ಕೆ ಹಿಡಿದ ಅಳತೆಪಟ್ಟಿ, ರಕ್ತಪರೀಕ್ಷೆಯ ವರದಿ, ಏದುಸಿರಿಲ್ಲದೆ ಹತ್ತಿದ ಮೂರು ಮಹಡಿ, ಕಷ್ಟವಿಲ್ಲದೆ ನೆಲದ ಮೇಲೆ ಕುಳಿತು ಏಳುವ ಕಾಲಬಲ: ಇವು ಕನ್ನಡಿಗಿಂತ ನಂಬಿಕಸ್ಥ ಸಾಕ್ಷಿಗಳು. ತೂಕದ ಜೊತೆಗೆ ಸ್ನಾಯುವೂ ಕರಗುವುದರಿಂದ, ಬೇಳೆ, ಕಾಳು, ಮೊಸರು, ಮೊಟ್ಟೆಗಳಿಗೆ ತಟ್ಟೆಯಲ್ಲಿ ಜಾಗ ಕೊಟ್ಟು, ಭಾರ ಎತ್ತುವ ವ್ಯಾಯಾಮ ರೂಢಿಸಿಕೊಳ್ಳುವುದು ಹೊಟ್ಟೆಯನ್ನೇ ಗುರಿಯಾಗಿಸಿದ ಹಟಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಉಳಿದದ್ದು ನಮ್ಮ ಪಾಲಿನ ಕೆಲಸ. ನಲವತ್ತು ಕಿಲೋ ಇಳಿಸಿದವರು ಎದುರಾದಾಗ 'ಚೆನ್ನಾಗಿದ್ದೀರಾ?' ಎಂದು ಕೇಳಿದರೆ ಸಾಕು. ಅವರ ಹೊಟ್ಟೆಯ ಲೆಕ್ಕವಿಡುವ ಹೊಣೆಯನ್ನು ಯಾರೂ ನಮಗೆ ವಹಿಸಿಲ್ಲ.